ಉದ್ದಗೀಟಿನ ವಿಭೂತಿ

ಫೆಬ್ರುವರಿ 18ರ ಬುಧವಾರ ಸಂಜೆ ಪೂಜೆ ಮುಗಿಸಿಕೊಂಡು ಚನ್ನಗಿರಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಬಂದೆ. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ನಮ್ಮ ಪಕ್ಕದ ತೋಟದ ಗೌಡ್ರು ಕೂತಿದ್ದರು. ನನ್ನ ಹಣೆ ನೋಡಿದವರೇ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟರು.

"ಏನ್ ಮೇಷ್ಟ್ರೇ, ವಿಭೂತಿ ಧರಿಸೀರಿ! ಅದೂ ಉದ್ದಕ್ಕೊಂದು ಗೀಟು ಜಾಸ್ತಿ."

ಮೂವತ್ತು ವರ್ಷದ ನೆರೆಹೊರೆ. ಪ್ರತಿ ವರ್ಷ ಈ ಬುಧವಾರ ಅವರು ಹೀಗೆ ಏನಾದರೊಂದು ಕೇಳುತ್ತಾರೆ, ನಾನು ಏನಾದರೊಂದು ಹೇಳುತ್ತೇನೆ. ಈ ಸಲ, "ನಿಮ್ಮದು ಅಡ್ಡ ಮಲಗಿರೋ ವಿಭೂತಿ ಗೌಡ್ರೇ, ನಮ್ಮದು ಎದ್ದು ನಿಂತಿದೆ" ಅಂದೆ. ನಕ್ಕರು. ಮಂಡಕ್ಕಿ ಪೊಟ್ಟಣ ನನ್ನ ಕಡೆ ಸರಿಸಿ, ಥಟ್ಟನೆ ನೆನಪಾಗಿ ವಾಪಸ್ ಎಳೆದುಕೊಂಡರು. "ಇವತ್ತು ನಿಮಗೆ ಉಪವಾಸ ಅಲ್ವಾ?"

ಹಾಗೆ ನೋಡಿದರೆ ನನಗೆ ಉಪವಾಸದ ಕಟ್ಟಳೆ ಇಲ್ಲ. ಕ್ಯಾಥೋಲಿಕ್ ಧರ್ಮಸಭೆಯ ನಿಯಮದಲ್ಲಿ 18 ತುಂಬಿದವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಮಾಡಬೇಕು. 59 ತುಂಬಿದ ಮೇಲೆ ವಿನಾಯಿತಿ. ಸರ್ಕಾರ ನನ್ನನ್ನು ಮನೆಗೆ ಕಳಿಸುವ ಹೊತ್ತಿಗೇ ಸಭೆಯೂ ಉಪವಾಸದಿಂದ ನಿವೃತ್ತಿ ಕೊಟ್ಟಿದೆ. ಆದರೂ ಗೌಡ್ರ ಮುಂದೆ ಮೆಣಸಿನಕಾಯಿ ಕಚ್ಚಲು ಮನಸ್ಸು ಬರಲಿಲ್ಲ. ಬರೀ ಚಹಾ ಕುಡಿದು ಎದ್ದೆ. ನನ್ನ ಉಪವಾಸಕ್ಕೆ ಕಾವಲುಗಾರ ನೆರೆಮನೆಯ ಲಿಂಗಾಯತರು!

ಈ ವರ್ಷದ ಆ ವಾರವೇ ಹಾಗಿತ್ತು. 15ರ ಭಾನುವಾರ ಮಹಾಶಿವರಾತ್ರಿ. ಗೌಡ್ರ ಮನೆಯಲ್ಲಿ ಉಪವಾಸ, ಜಾಗರಣೆ. ಅದೇ ದಿನ ಸೇವಾಲಾಲ್ ಜಯಂತಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಮಾಲೆ ಹಾಕಿಕೊಂಡ ಬಂಜಾರರ ಗುಂಪುಗಳು ನಡೆದು ಹೋಗುತ್ತಿದ್ದವು. ಬುಧವಾರ ನಮ್ಮ ಬೂದಿ. ಅದರ ಬೆನ್ನಿಗೇ ರಂಜಾನ್ ಉಪವಾಸ ಶುರು. ಒಂದೇ ವಾರದಲ್ಲಿ ಇಷ್ಟೊಂದು ಜನ ಹೊಟ್ಟೆ ಕಟ್ಟಿದ್ದರೂ ಮಂಡಕ್ಕಿ ಅಂಗಡಿಗೆ ನಷ್ಟವೇನೂ ಆದಂತೆ ಕಾಣಲಿಲ್ಲ.

ನಾವು ಕನ್ನಡದ ಕ್ರೈಸ್ತರು ಆ ದಿನವನ್ನು ಬೂದಿ ಬುಧವಾರ ಅನ್ನುತ್ತೇವೆ, ವಿಭೂತಿ ಬುಧವಾರ ಅಂತಲೂ ಅನ್ನುತ್ತೇವೆ. ಎರಡನೆಯ ಹೆಸರನ್ನು ಮೊದಲು ಬಳಸಿದವರು ಯಾರೋ, ಅವರಿಗೆ ಕೈ ಮುಗಿಯಬೇಕು. ಹೊನ್ನಾಳಿಯ ಹಿರೇಕಲ್ಮಠದಿಂದ ಹಿಡಿದು ಊರೂರಿಗೂ ವಿಭೂತಿ ಗಟ್ಟಿ ಇರುವ ಸೀಮೆಯಲ್ಲಿ ರೋಮಿನ ಬೂದಿಯನ್ನು ಅಪ್ಪಟ ವೀರಶೈವ ಹೆಸರಿನಿಂದ ಕರೆಯುವುದೆಂದರೆ ಸಣ್ಣ ಧೈರ್ಯವಲ್ಲ. ಅರ್ಥ ಒಂದೇ ಎಂದು ಹೇಳಲಾರೆ. ಅವರ ವಿಭೂತಿ ಅಷ್ಟಾವರಣದಲ್ಲಿ ಒಂದು, ರಕ್ಷೆ, ದಿನದಿನದ ಐಶ್ವರ್ಯ. ನಮ್ಮದು ವರ್ಷಕ್ಕೊಂದು ದಿನ ಹಣೆಗೆ ಶಿಲುಬೆಯಾಗಿ ಹಚ್ಚುವುದು, ಮಣ್ಣಿಗೆ ಹೋಗುವವನು ನೀನು ಎಂದು ನೆನಪಿಸುವ ಪಶ್ಚಾತ್ತಾಪದ ಗುರುತು. ಪದ ಒಂದೇ, ಒಳಗಿನ ಮಾತು ಬೇರೆ. ಆದರೆ ಪದ ಒಂದೇ ಆಗಿರುವುದರಿಂದಲೇ ಬೆಂಚಿನ ಮೇಲೆ ಪ್ರಶ್ನೆ ಹುಟ್ಟುತ್ತದೆ.

ದಾವಣಗೆರೆ ಜಿಲ್ಲೆಯಲ್ಲಿ ನಾವು ನೂರಕ್ಕೆ ಒಬ್ಬರೂ ಇಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯಕ್ಕೆ ಸೇರಿಸಿ ಶೇಕಡಾ 1.87, ಅಂದರೆ ಹನ್ನೊಂದೂವರೆ ಲಕ್ಷದ ಆಸುಪಾಸು. ಅದರಲ್ಲಿ ಬಹುಪಾಲು ಬೆಂಗಳೂರು ಮತ್ತು ಕರಾವಳಿ. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಎಂದು ವರ್ಷಗಟ್ಟಲೆ ಜಗಳವಾದ ಸುದ್ದಿ ಓದುವಾಗ ನನಗೆ ಒಳಗೊಳಗೇ ಅಸೂಯೆಯಾಗುತ್ತಿತ್ತು. ಜಗಳ ಆಡಬೇಕಾದರೂ ಎರಡು ಗುಂಪಿಗಾಗುವಷ್ಟು ಜನ ಬೇಕಲ್ಲ!

ಜನ ಕಡಿಮೆ ಇದ್ದರೂ ನಮ್ಮ ಮನೆಯಲ್ಲಿ ಎರಡು ಭಾಷೆ ಇದ್ದವು, ಎರಡೂ ಕನ್ನಡವೇ. ಅಪ್ಪ ಕ್ಯಾಥೋಲಿಕ್. ಅಮ್ಮನ ತವರು ಸಿ.ಎಸ್.ಐ., ಅಂದರೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಹಲವು ಪಂಗಡಗಳು ಸೇರಿ ಮದ್ರಾಸಿನಲ್ಲಿ ಕಟ್ಟಿದ ದಕ್ಷಿಣ ಭಾರತ ಸಭೆ. ಅಪ್ಪನಿಗೆ ಜ್ಞಾನಸ್ನಾನ, ಅಮ್ಮನಿಗೆ ದೀಕ್ಷಾಸ್ನಾನ. ಅಪ್ಪನದು ಶುಭಸಂದೇಶ, ಅಮ್ಮನದು ಸುವಾರ್ತೆ. ಅಪ್ಪ ಗುರುಗಳು ಬಂದರು ಅನ್ನುವರು, ಅಮ್ಮ ಅಯ್ಯನವರು ಬಂದರು ಅನ್ನುವಳು. ಅಪ್ಪ ಹುಡುಗನಾಗಿದ್ದಾಗ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಮೇಲೆಯೇ ಬಲಿಪೀಠದಲ್ಲಿ ಕನ್ನಡ ಕೇಳಿದ್ದು. "ನಿಮ್ಮ ದೇವರಿಗೆ ಕನ್ನಡ ಬರೋಕೆ ಇಷ್ಟು ತಡ ಆಯ್ತಾ?" ಎಂದು ಅಮ್ಮ ಚುಚ್ಚುತ್ತಿದ್ದಳು. ಅವಳ ಕಡೆಯವರು ಅಷ್ಟು ಹೊತ್ತಿಗೆ ನೂರೈವತ್ತು ವರ್ಷಗಳಿಂದ ಕನ್ನಡದಲ್ಲೇ ಪ್ರಾರ್ಥಿಸುತ್ತಿದ್ದರು ಎಂಬ ಹೆಮ್ಮೆ.

ಆ ಹೆಮ್ಮೆಗೆ ಆಧಾರವಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದೇ ಬಳ್ಳಾರಿಯ ವಿಲಿಯಂ ರೀವ್ 1824ರಲ್ಲೇ ಇಂಗ್ಲಿಷ್–ಕನ್ನಡ ನಿಘಂಟು ತಂದಿದ್ದರು. ಕಿಟೆಲ್ ನಿಘಂಟಿಗಿಂತ ಎಪ್ಪತ್ತು ವರ್ಷ ಮೊದಲು. ಜಗಳೂರಿನಿಂದ ಬಳ್ಳಾರಿ ದೂರವೇನಲ್ಲ, ಜೋಳದ ಹೊಲಗಳ ಸಾಲು ಅಲ್ಲಿಯವರೆಗೂ ಹೋಗುತ್ತದೆ. ಕನ್ನಡ ಸತ್ಯವೇದದಲ್ಲಿ ಯೇಸು ಐದು ಸಾವಿರ ಜನಕ್ಕೆ ಹಂಚಿದ್ದು 'ರೊಟ್ಟಿ'. ಬಳ್ಳಾರಿಯಲ್ಲಿ ಕೂತು ಬರೆದವರಿಗೆ ಬೇರೆ ಯಾವ ಪದ ತಾನೇ ಹೊಳೆಯಬೇಕು ಎಂಬುದು ನನ್ನ ಊಹೆ. ಒಟ್ಟಿನಲ್ಲಿ ಚಿಕ್ಕವನಾಗಿದ್ದಾಗ ನನ್ನ ಕಣ್ಣಿಗೆ ಗಲಿಲಾಯದ ಬೆಟ್ಟದ ಮೇಲೆ ಕಾಣುತ್ತಿದ್ದುದು ಒಲೆಯ ಮೇಲೆ ಉಬ್ಬಿದ ಜೋಳದ ರೊಟ್ಟಿ. ಮೀನಿನ ಜಾಗದಲ್ಲಿ ಎಣ್ಣೆಗಾಯಿ ಇಟ್ಟುಕೊಂಡರೂ ಕಥೆಗೆ ಕುಂದು ಬರುತ್ತಿರಲಿಲ್ಲ.

ಜಗಳೂರಿನ ವಿಷಯಕ್ಕೆ ಬಂದೆನಲ್ಲ, ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಮೇಷ್ಟ್ರ ಕೆಲಸದಲ್ಲಿ ನನ್ನ ಮೊದಲ ಏಳು ವರ್ಷ ಕಳೆದದ್ದು ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ಅದು ಇನ್ನೂ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಬಾಡಿಗೆಗಿದ್ದದ್ದು ಒಬ್ಬ ರೈತರ ಮನೆಯ ಮುಂದಿನ ಕೋಣೆಯಲ್ಲಿ. ಊರಿಗೆಲ್ಲ ನಾನೊಬ್ಬನೇ ಕ್ರೈಸ್ತ. ರಾತ್ರಿ ಕಂದೀಲಿನ ಹತ್ತಿರ ಕೂತು ಸತ್ಯವೇದ ಓದುವುದನ್ನು ಮನೆ ಯಜಮಾನರು ಕೆಲವು ದಿನ ನೋಡಿದರು. ಆಮೇಲೊಂದು ದಿನ ಕಟ್ಟೆಯ ಮೇಲೆ ಬಂದು ಕೂತು, "ಒಬ್ರೇ ಓದ್ಕೊಂಡ್ರೆ ಹೆಂಗೆ ಮೇಷ್ಟ್ರೇ, ನಮಗೂ ಸ್ವಲ್ಪ ಕೇಳ್ಸಿ" ಅಂದರು.

ಆ ರಾತ್ರಿ ಓದಿದ್ದು ಬಿತ್ತುವವನ ಸಾಮ್ಯ. ಒಬ್ಬ ರೈತ ಬಿತ್ತಲು ಹೋದ. ಕೆಲವು ಬೀಜ ದಾರಿಯ ಮೇಲೆ ಬಿದ್ದು ಹಕ್ಕಿಗಳ ಪಾಲಾದವು, ಕೆಲವು ಕಲ್ಲು ನೆಲದಲ್ಲಿ ಮೊಳೆತು ಒಣಗಿದವು, ಕೆಲವನ್ನು ಮುಳ್ಳುಗಿಡ ಅದುಮಿತು, ಒಳ್ಳೆಯ ಮಣ್ಣಿಗೆ ಬಿದ್ದವು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಕೊಟ್ಟವು. ಓದಿ ಮುಗಿಸಿ, ಪಾಠ ಮಾಡುವ ಚಟ ನೋಡಿ, ಮಣ್ಣು ಅಂದರೆ ನಮ್ಮ ಮನಸ್ಸು ಎಂದು ಶುರು ಮಾಡಿದೆ. ಯಜಮಾನರು ಕೈ ಎತ್ತಿ ತಡೆದರು.

"ಅದಿರ್ಲಿ. ದಾರಿ ಮ್ಯಾಲೆ ಬೀಜ ಯಾಕೆ ಬಿತ್ತು?"

ನನಗೆ ಉತ್ತರ ತೋಚಲಿಲ್ಲ. ಅವರ ಅನುಮಾನ ನ್ಯಾಯವಾದದ್ದೇ. ಜಗಳೂರಿನ ಬೆದ್ದಲಿನಲ್ಲಿ ಬೀಜವನ್ನು ಯಾರೂ ಎರಚುವುದಿಲ್ಲ. ಎತ್ತುಗಳ ಹಿಂದೆ ಕೂರಿಗೆ, ಕೂರಿಗೆಯ ಬಟ್ಟಲಿಗೆ ಹೆಂಗಸು ಮುಷ್ಟಿಯಿಂದ ಅಳೆದಂತೆ ಕಾಳು ಬಿಡುತ್ತಾ ನಡೆಯಬೇಕು. ತಾಳಿನ ಕೆಳಗೆ, ಸಾಲಿನೊಳಗೆ, ಮಣ್ಣಿನ ಹೊಟ್ಟೆಗೇ ಬೀಜ. ಒಂದು ಕಾಳು ಸಾಲು ತಪ್ಪಿದರೆ ಅತ್ತೆ ಬೈಯುತ್ತಾಳೆ. ಮಳೆ ಬರುವುದೇ ಹರಕೆಯ ಮೇಲೆ. ಬಿತ್ತನೆ ಕೆಟ್ಟರೆ ಎರಡನೇ ಬೀಜಕ್ಕೆ ಸಾಲ. ಅಂಥಲ್ಲಿ ದಾರಿಯ ಮೇಲೂ ಬಂಡೆಯ ಮೇಲೂ ಬೀಜ ಚೆಲ್ಲಿಕೊಂಡು ಹೋದವನನ್ನು ಅವರು ಒಕ್ಕಲಿಗ ಎಂದು ಒಪ್ಪಲೇ ಇಲ್ಲ.

ಯೇಸುವಿನ ದೇಶದಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಎಂದು ವಿವರಿಸಿದೆ. ಎಲೆಅಡಿಕೆ ಅಗಿಯುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ಹಂಗಾದ್ರೆ ಅವನ ಮಡ್ಲಾಗೆ ಬೀಜ ಭಾಳ ಇದ್ದಿರ್ಬೇಕು ಬಿಡ್ರಿ" ಎಂದು ಎದ್ದು ಹೋದರು.

ಆಮೇಲೆ ಈ ಸಾಮ್ಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲರೂ ಮಣ್ಣನ್ನು ಬೈದವರೇ; ನೀನು ಕಲ್ಲು, ನೀನು ಮುಳ್ಳು ಎಂದು ಬೆರಳು ತೋರಿಸಿದವರೇ. ಬಿತ್ತುವವನ ಮಡಿಲನ್ನು ನೋಡಿದವರು ಅವರೊಬ್ಬರೇ. ಬೀಳುವ ಜಾಗ ಲೆಕ್ಕ ಹಾಕದೆ ಚೆಲ್ಲುವಷ್ಟು ಧಾರಾಳ ದೇವರಿಗಿದೆ ಎಂಬುದಕ್ಕೆ ದೈವಶಾಸ್ತ್ರದಲ್ಲಿ ಕೃಪೆ ಅನ್ನುತ್ತಾರೆ. ನನಗೆ ಅದು ತಿಳಿದದ್ದು ಒಂದು ಕಾಳೂ ಚೆಲ್ಲದ ಮನುಷ್ಯನಿಂದ.

ಆ ಮನೆಯ ಅಮ್ಮನದು ಇನ್ನೊಂದು. 'ಹುಳಿಯಿಲ್ಲದ ರೊಟ್ಟಿಗಳ ಹಬ್ಬ' ಎಂಬ ಮಾತು ಅವರ ಕಿವಿಗೆ ಬಿತ್ತು. ಈಜಿಪ್ಟಿನಿಂದ ಅವಸರದಲ್ಲಿ ಹೊರಟ ಯೆಹೂದ್ಯರು ಹಿಟ್ಟು ಹುದುಗು ಬರುವವರೆಗೆ ಕಾಯದೆ ರೊಟ್ಟಿ ಸುಟ್ಟುಕೊಂಡ ನೆನಪಿಗೆ ಆ ಹಬ್ಬ ಎಂದು ಹೇಳಿದೆ. "ನಮ್ಮನೇಲಿ ದಿನಾ ಅದೇ ಹಬ್ಬ. ರೊಟ್ಟಿಗೆ ಹುಳಿ ಯಾರ್ ಹಾಕ್ತಾರೆ?" ಅಂದರು. ತಟ್ಟುವ ಕೈ ನಿಲ್ಲಲಿಲ್ಲ. ಯೋಚಿಸಿ ನೋಡಿ: ಹೊಲಕ್ಕೆ ಬುತ್ತಿ ಕಟ್ಟುವ ಅವಸರದಲ್ಲಿ ನಸುಕಿಗೇ ರೊಟ್ಟಿ ತಟ್ಟುವ ಹೆಂಗಸಿಗೆ ಆ ಹಬ್ಬದ ಒಳಗುಟ್ಟನ್ನು ಬಿಡಿಸಿ ಹೇಳುವ ಅಗತ್ಯವಾದರೂ ಏನಿತ್ತು?

ಈಗ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದಿದೆ, ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಕಟ್ಟೆ ಮಾತ್ರ ಮೊದಲಿನಂತಿಲ್ಲ. ಅವತ್ತಿನ ಹಾಗೆ ಇವತ್ತು ಇನ್ನೊಬ್ಬರ ಕಟ್ಟೆಯ ಮೇಲೆ ಸತ್ಯವೇದ ಬಿಚ್ಚಲು ನಾನು ಎರಡು ಸಲ ಯೋಚಿಸುತ್ತೇನೆ. ಮತಾಂತರ ತಡೆಯುವ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆಂದು ನಮ್ಮ ಮನೆಗಳಲ್ಲಿ ಕರ್ಜಿಕಾಯಿ ಕರಿಯುತ್ತಿದ್ದ ಹೊತ್ತಿಗೆ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಮತ ಬದಲಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು ಎಂದಿತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಗಿಂತ ಹೆಚ್ಚಾಗಿ ಅದರ ಗಾಳಿ ನಮ್ಮನ್ನು ಮುಟ್ಟಿತು. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೆ ಬೀದಿಯಲ್ಲಿ ಇಬ್ಬರು ನಿಂತು ನೋಡುವುದು ಶುರುವಾಯಿತು.

ತಪ್ಪೆಲ್ಲ ಬೀದಿಯದ್ದೇ ಎಂದರೆ ಸುಳ್ಳಾಗುತ್ತದೆ. ಮೈಕ್ ಹಿಡಿದು ಊರ ದೇವರನ್ನು ಸೈತಾನ ಎಂದು ಕರೆದವರು, ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಬಿಡಿ ಪ್ರಾರ್ಥನೆ ಸಾಕು ಎಂದವರು ನಮ್ಮವರಲ್ಲೂ ಇದ್ದಾರೆ. ಅಂಥವರ ಸಭೆಯಲ್ಲಿ ಒಮ್ಮೆ ಎದ್ದು ಬಂದದ್ದಕ್ಕೆ ನನ್ನನ್ನು 'ಬೆಚ್ಚಗಿನ ಕ್ರೈಸ್ತ' ಎಂದು ಕರೆದರು, ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎಂಬರ್ಥದಲ್ಲಿ. ಇರಲಿ. ಕೂರಿಗೆಯ ಯಜಮಾನರನ್ನು 'ರಕ್ಷಣೆ ಇಲ್ಲದವರು' ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಮಿಷನರಿಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಪಟ: ಒಂದೋ ಕಿಟೆಲ್ ಪ್ರತಿಮೆಗೆ ಹಾರ, ಇಲ್ಲವೇ ಮತಾಂತರದ ಬೈಗುಳ. ಇವೆರಡರ ನಡುವೆ ಚನ್ನಗಿರಿ, ಹೊನ್ನಾಳಿಯವರಿಗೆ ಬೇಕಾದ ಒಂದು ಕಥೆ ಇದೆ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಬೋಧಿಸುತ್ತಿದ್ದ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್. ಅವರ ಮಗ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್. ಅಪ್ಪ ದೇವರ ವಾಕ್ಯವನ್ನು ಕನ್ನಡಿಗರಿಗೆ ಓದಿ ಹೇಳಿದರೆ, ಮಗ ಕನ್ನಡಿಗರ ಕಲ್ಲುಗಳನ್ನೇ ಓದಿಸಿದ. 1902ರಲ್ಲಿ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಏಳನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಮರುವರ್ಷದ ಹನ್ನೊಂದನೆಯದರಲ್ಲಿ ಜಗಳೂರಿನವು. ಶಿವಾಲಯಗಳಿಗೆ ಬಿಟ್ಟ ದತ್ತಿ, ಊರು ಕಾಯ್ದು ಸತ್ತವರ ವೀರಗಲ್ಲು, ಅಷ್ಟನ್ನೂ ಪಾದ್ರಿಯ ಮಗ ಅಚ್ಚು ಮಾಡಿಸಿದ. ನಮ್ಮ ಗೌಡ್ರ ಊರಿನ ಕಲ್ಲೂ ಅದರಲ್ಲಿದೆ ಎಂದು ತೋರಿಸಿದಾಗ ಅವರು ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಗುಡಿಯ ಗ್ರೂಪಿಗೆ ಹಾಕಿದರು.

ಹೊನ್ನಾಳಿಯಲ್ಲಿ ನಾನು ಇದ್ದದ್ದು ಹನ್ನೆರಡು ವರ್ಷ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ, ಹೊನ್ನಾಳಿ ದಾಟಿ, ಕೆಳಗೆ ಹರಿಹರಕ್ಕೆ ಹೋಗುತ್ತದೆ ಹೊಳೆ. ಹರಿಹರ ಅಂದರೆ ಹೆಸರೇ ಹೇಳುತ್ತದೆ: ಅರ್ಧ ಹರಿ, ಅರ್ಧ ಹರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಅದೇ ಊರಿನಲ್ಲಿ ಆರೋಗ್ಯ ಮಾತೆಯ ಬೆಸಿಲಿಕ. ಮಾತೆಯ ಮೂರ್ತಿ ತುಂಗಭದ್ರೆಯಲ್ಲಿ ತೇಲಿ ಬಂತು ಎಂಬುದು ಜನ ಹೇಳುವ ಕಥೆ. ತೇಲಿ ಬಂದದ್ದೇ ನಿಜವಾದರೆ ಮೇಲಿನಿಂದ ತಾನೇ ಬರಬೇಕು, ಅಂದರೆ ಹೊನ್ನಾಳಿ ಸೇತುವೆಯ ಜಾಗ ದಾಟಿಯೇ ಹೋಗಿರಬೇಕು! ನಮ್ಮವರು ಯಾರೂ ನೋಡಲಿಲ್ಲ, ಹರಿಹರದವರ ಕಣ್ಣು ಚುರುಕು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೊನ್ನಾಳಿಯಿಂದ ಬಸ್ ಹತ್ತುವವರಲ್ಲಿ ನಮ್ಮವರಿಗಿಂತ ಬೇರೆಯವರೇ ಹೆಚ್ಚು. ಮೇಣದ ಬತ್ತಿಯ ಜೊತೆ ಹೂವು ಹಣ್ಣು, ಮಕ್ಕಳಾಗದವರ ಹರಕೆ, ವಾಸಿಯಾದವರ ಹರಕೆ. "ಆರೋಗ್ಯಮ್ಮ" ಎಂದು ಕರೆದರೆ ಮುಗಿಯಿತು, ಊರಮ್ಮನ ಅಕ್ಕನೋ ತಂಗಿಯೋ ಆಗಿಬಿಡುತ್ತಾಳೆ. ಇದನ್ನು ಅಮ್ಮನ ಕಡೆಯವರು ಒಪ್ಪುವುದಿಲ್ಲ, ಮೂರ್ತಿ ಅಂದರೇ ಅವರಿಗೆ ಆಗದು. ಆದರೂ ನನ್ನ ತಂಗಿಗೆ ಟೈಫಾಯಿಡ್ ಬಂದ ವರ್ಷ ಅಮ್ಮ ಅಪ್ಪನಿಗೆ ಹೇಳದೆ ಹರಿಹರಕ್ಕೆ ಹೋಗಿ ಬಂದಿದ್ದಳು.

ಜನರ ಹರಕೆಗೆ ಕಾಲಂ ಇಲ್ಲ. ಸರ್ಕಾರದ ಅರ್ಜಿಗೆ ಇದೆ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಮನೆಗೆ ಬಂದ ಮೇಡಂ ನನ್ನದೇ ಹಳೆಯ ವಿದ್ಯಾರ್ಥಿನಿ. ಅರವತ್ತು ಪ್ರಶ್ನೆ. ಧರ್ಮ ಕ್ರೈಸ್ತ ಎಂದು ಒತ್ತಿದಳು. ಜಾತಿ ಎಂಬಲ್ಲಿ ಬೆರಳು ನಿಂತಿತು. ಆ ಪಟ್ಟಿಯ ಗಲಾಟೆ ಅಷ್ಟು ಹೊತ್ತಿಗೆ ಪೇಪರಿನಲ್ಲೆಲ್ಲ ಬಂದಿತ್ತು. ಬ್ರಾಹ್ಮಣ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಎಂಬಂಥ ಹೆಸರುಗಳಿದ್ದವು, ವಿರೋಧ ಬಂದ ಮೇಲೆ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿದರು. ಕ್ರೈಸ್ತನಾದ ಮೇಲೆ ಜಾತಿ ಎಲ್ಲಿ ಎಂಬುದು ವಿರೋಧಿಸಿದವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ, ನಾವೇ ಕೇಳಿಕೊಳ್ಳಬೇಕಾದದ್ದು. ಮದುವೆ ಮಾತುಕತೆಗೆ ಕೂತಾಗ ಮೂಲ ಯಾವುದು ಎಂದು ಪಿಸುಗುಟ್ಟದ ಸಭೆಯನ್ನು ನಾನಂತೂ ಕಂಡಿಲ್ಲ.

ಕಾನೂನಿನ ಗಂಟು ಇನ್ನೂ ಬಿಗಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಪರಿಶಿಷ್ಟ ಪಂಗಡಕ್ಕೆ ಆ ಷರತ್ತಿಲ್ಲ. ಹಾಗಾಗಿ ನ್ಯಾಮತಿಯ ಒಬ್ಬ ಲಂಬಾಣಿ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಹೋಗುತ್ತದೆ. ಜಗಳೂರಿನ ನಾಯಕರ ಹುಡುಗ ಕ್ರೈಸ್ತನಾದರೆ ಆ ಕಾರಣಕ್ಕೆ ಅವನ ಪಂಗಡ ಹೋಗುವುದಿಲ್ಲ. ಇಬ್ಬರೂ ಚರ್ಚಿನಲ್ಲಿ ಪಕ್ಕಪಕ್ಕ ಕೂತು ಒಂದೇ ಹಾಡು ಹಾಡಬಹುದು. ಹಾಡಿದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅವರ ಸಾಲು ಬೇರೆ. ಎಷ್ಟೋ ಜನ ಹಾಗಾಗಿ ಭಾನುವಾರಕ್ಕೊಂದು ಹೆಸರು, ಶಾಲಾ ದಾಖಲಾತಿಗೊಂದು ಹೆಸರು ಇಟ್ಟುಕೊಂಡಿದ್ದಾರೆ. ಅವರನ್ನು ಕಳ್ಳರು ಅನ್ನುವವರು ತಮ್ಮ ಮಕ್ಕಳ ಫೀಸು ಕಟ್ಟಿ ನೋಡಲಿ.

"ಸಾರ್, ಉಪಜಾತಿ ಏನಂತ ಹಾಕ್ಲಿ?" ಎಂದಳು ಹುಡುಗಿ, ತಲೆ ಎತ್ತದೆ. ನಾನು ಅವಳಿಗೆ ಸಂಧಿ ಸಮಾಸ ಕಲಿಸಿದವನು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಇಬ್ಬರಿಗೂ ಸ್ವಲ್ಪ ಸಮಾಧಾನವೇ ಆಯಿತು ಅನ್ನಬೇಕು. ಮರುದಿನ ಬಂದು ತುಂಬಿಸಿಕೊಂಡು ಹೋದಳು.

ಬೂದಿಯ ವಿಷಯದಲ್ಲಿ ಒಂದು ಹೇಳುವುದು ಉಳಿಯಿತು. ಅದನ್ನು ಅಂಗಡಿಯಿಂದ ತರುವುದಿಲ್ಲ. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದಂದು ನಾವು ಕೈಯಲ್ಲಿ ಹಿಡಿದ ಗರಿಯನ್ನು ಮನೆಗೆ ತಂದು ಶಿಲುಬೆಯ ಹಿಂದೆಯೋ ಕ್ಯಾಲೆಂಡರಿನ ಹಿಂದೆಯೋ ಸಿಕ್ಕಿಸಿಡುತ್ತೇವೆ. ವರ್ಷವಿಡೀ ಅಲ್ಲೇ ಒಣಗುತ್ತದೆ. ಮುಂದಿನ ಬೂದಿ ಬುಧವಾರ ಹತ್ತಿರ ಬಂದಾಗ ದೇವಾಲಯಕ್ಕೆ ಕೊಟ್ಟರೆ ಅದನ್ನು ಸುಟ್ಟು ಜರಡಿ ಹಿಡಿಯುತ್ತಾರೆ. ಮೊನ್ನೆ ಹಣೆಗೆ ಬಿದ್ದದ್ದು ಅದೇ. ನಮ್ಮ ಕಡೆ ಆ ಗರಿ ತೆಂಗಿನ ಸುಳಿಗರಿ, ನಮ್ಮದು ಗೌಡ್ರ ತೋಟದ್ದು. ಅಡಿಕೆ ಸಾಲಿನ ಬದುವಿನಲ್ಲಿ ನಿಂತ ಒಂದು ಗಿಡ್ಡ ತೆಂಗಿನ ಮರದಿಂದ ಪ್ರತಿ ವರ್ಷ ಅವರೇ ಕಡಿಸಿಕೊಡುತ್ತಾರೆ.

ಮಾರ್ಚ್ 28ರ ಶನಿವಾರ ಈ ವರ್ಷದ ಗರಿಗೆಂದು ತೋಟಕ್ಕೆ ಹೋದೆ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಿದ್ದರು, ಗೌಡ್ರು ಬದುವಿನ ಮೇಲೆ ಕೂತಿದ್ದರು. ಆಳು ಮರದ ಮೇಲಿದ್ದ. ಬೂದಿ ಎಲ್ಲಿಂದ ಬರುತ್ತದೆ ಎಂಬುದನ್ನು ಇಷ್ಟು ವರ್ಷ ಅವರಿಗೆ ಹೇಳಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಹೇಳಿದೆ.

ಗೌಡ್ರು ಮರ ನೋಡಿದರು, ನನ್ನ ಹಣೆ ನೋಡಿದರು.

"ಅಂದ್ರೆ ಮೊನ್ನೆ ನೀವು ಹಚ್ಕೊಂಡಿದ್ದು ನಮ್ಮ ತೋಟದ್ದಾ?"

"ಹೋದ ವರ್ಷದ್ದು."

ಅವರು ತಲೆ ಎತ್ತಿ ಮೇಲಿದ್ದವನಿಗೆ ಕೂಗಿದರು: "ಲೇ, ಆ ಹುಳ ಹೊಡ್ದಿರೋದು ಬ್ಯಾಡ. ಒಳಗಿಂದು ಕಡಿ, ಎಳೇದು."